ತಾಯಿಯನ್ನು ತೋರಿಸದ ಮಾರಾಟ

ಬೆಂಗಳೂರಿನಲ್ಲಿ ಜಾತಿನಾಯಿಯ ಮರಿ ಕೊಳ್ಳಲು ಹೊರಟವರು ಮೊದಲು ಕೇಳುವುದು 'ಪೇಪರ್ ಇದೆಯಾ?' ಎಂದು. ಪೇಪರ್ ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ. ಅದಿದ್ದರೆ ಬೆಲೆ ಏರುತ್ತದೆ, ಕೊಂಡವರಿಗೆ ನೆಮ್ಮದಿಯೂ ಆಗುತ್ತದೆ. ಈ ನೆಮ್ಮದಿಗೆ ಆಧಾರ ಕಡಿಮೆ. ಆ ಪತ್ರ ಹೇಳುವುದು ವಂಶಾವಳಿಯನ್ನು, ಆರೋಗ್ಯವನ್ನಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳನ್ನು ಕಾಡುವ ಸೊಂಟದ ಕೀಲಿನ ದೋಷ ತಂದೆತಾಯಿಗೆ ಇದೆಯೇ ಎಂದು ತಿಳಿಯಲು ಎಕ್ಸ್‌ರೇ ಬೇಕು. ಪಗ್‌ನ ಅಪ್ಪ ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತದೆಯೇ ಎಂದು ತಿಳಿಯಲು ಅದನ್ನು ಓಡಿಸಿಯೇ ನೋಡಬೇಕು. ಪತ್ರವನ್ನು ಗಮನವಿಟ್ಟು ಓದಿದರೆ ಮಾತ್ರ ಒಂದು ಉಪಯೋಗವಿದೆ: ತಂದೆಯ ಕಡೆಗೂ ತಾಯಿಯ ಕಡೆಗೂ ಒಂದೇ ನಾಯಿಯ ಹೆಸರು ಮತ್ತೆ ಮತ್ತೆ ಬಂದಿದ್ದರೆ ಅಲ್ಲಿ ಒಳಸಂತಾನ ನಡೆದಿದೆ ಎಂದು ಅರ್ಥ. ಮರಿ ಕೊಳ್ಳುವವರಲ್ಲಿ ಅಷ್ಟು ಓದುವವರು ವಿರಳ.

ತಳಿಗಾರರನ್ನು ಅಳೆಯಲು ನಂಬಬಹುದಾದ ಸಾಕ್ಷಿ ತಾಯಿನಾಯಿ. ಮರಿಗಳು ಹುಟ್ಟಿದ ಜಾಗದಲ್ಲಿಯೇ, ಅವುಗಳ ಜೊತೆಯಲ್ಲಿಯೇ ಅದನ್ನು ನೋಡಬೇಕು. ಅದರ ಮೈಕಟ್ಟು, ಅಪರಿಚಿತರ ಎದುರು ಅದು ನಿಲ್ಲುವ ರೀತಿ, ಮಲಗುವ ಜಾಗದ ವಾಸನೆ ಯಾವ ಮುದ್ರೆಗಿಂತಲೂ ಹೆಚ್ಚು ಹೇಳುತ್ತವೆ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಕಾಳಜಿಯೂ ಬಹುಪಾಲು ತಾಯಿಯ ಸುತ್ತಲೇ ಇದೆ. ಹದಿನೆಂಟು ತಿಂಗಳು ತುಂಬದೆ ಮರಿ ಹಾಕಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ಐದು ಸೂಲಿಗೆ ನಿಲ್ಲಿಸಬೇಕು. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಎಂಟು ವಾರಕ್ಕೆ ಮೊದಲು ಮರಿ ಮಾರಬಾರದು. ಆದರೂ 'ನಲವತ್ತೈದು ದಿನದ ಮರಿ' ಎಂಬ ಜಾಹೀರಾತು ಯಾವ ಅಳುಕೂ ಇಲ್ಲದೆ ಓಡಾಡುತ್ತದೆ. ಐವತ್ತಾರು ದಿನಕ್ಕೂ ನಲವತ್ತೈದಕ್ಕೂ ನಡುವಿನ ಅಂತರ ಸಣ್ಣದಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಒಡಹುಟ್ಟಿದವುಗಳ ಜೊತೆ ಆಡುತ್ತಾ ಕಲಿಯುವ ದಿನಗಳು ಅವು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯತೊಡಗಿ, ಲಸಿಕೆ ಇನ್ನೂ ಪೂರ್ತಿ ಹಿಡಿಯದ ಕಾಲವೂ ಹೌದು. ಆಗಲೇ ಮರಿಯನ್ನು ಬುಟ್ಟಿಯಲ್ಲಿಟ್ಟು ಬಸ್ಸು ಹತ್ತಿಸಿದರೆ ಪಾರ್ವೊ ವೈರಸ್ಸಿಗೆ ಬಾಗಿಲು ತೆರೆದಂತೆ.

ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 'ಲೂಸಿ ಕಾನೂನು' ಆರು ತಿಂಗಳೊಳಗಿನ ಮರಿಗಳನ್ನು ಮಧ್ಯವರ್ತಿಗಳು ಮಾರುವುದನ್ನು ನಿಷೇಧಿಸಿತು. ವೇಲ್ಸ್‌ನ ಮರಿ ಫಾರ್ಮೊಂದರಲ್ಲಿ ಸೂಲಿನ ಮೇಲೆ ಸೂಲು ಹೊತ್ತು ಸೊರಗಿದ್ದ ಹೆಣ್ಣುನಾಯಿಯ ಹೆಸರು ಅದಕ್ಕೆ ಬಂತು. ಮಧ್ಯವರ್ತಿ ಇದ್ದಲ್ಲಿ ತಾಯಿ ಕಣ್ಣಿಗೆ ಬೀಳುವುದಿಲ್ಲ. ಕಾನೂನು ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೇ.

ಪೇಪರನ್ನು ಹೀಗೆ ಬದಿಗಿಟ್ಟರೆ ಶುದ್ಧ ತಳಿ ಉಳಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಮುಧೋಳ ನಾಯಿಯನ್ನು ನೋಡಿ. ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆನಾಯಿಯನ್ನು ಬಾಗಲಕೋಟೆ ಸೀಮೆಯ ಹೊಲಮನೆಗಳು ಪೇಪರಿಲ್ಲದೆಯೇ ಉಳಿಸಿಕೊಂಡು ಬಂದವು. ಓಟವೇ ಅಲ್ಲಿ ಪರೀಕ್ಷೆಯಾಗಿತ್ತು. ಈಗ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಆ ಕೆಲಸಕ್ಕೆ ಶಾಸ್ತ್ರದ ಬೆಂಬಲ ಕೊಡುತ್ತಿದೆ. ದಾಖಲೆ ಬೇಡವೆಂದಲ್ಲ, ನಾಯಿಯನ್ನು ನೋಡಿದ ಮೇಲೆ ದಾಖಲೆಗೆ ಬೆಲೆ. ಒಳ್ಳೆಯ ತಳಿಗಾರರು ಕೊಳ್ಳುವವರನ್ನೂ ಪ್ರಶ್ನಿಸುತ್ತಾರೆ. ಓಡಲೆಂದೇ ಹುಟ್ಟಿದ ಮುಧೋಳವನ್ನು ಎರಡು ಕೋಣೆಯ ಫ್ಲ್ಯಾಟಿಗೆ ಕೊಡಲು ಒಪ್ಪದವರನ್ನು ನಾನು ಹೆಚ್ಚು ನಂಬುತ್ತೇನೆ.

ಬೀದಿಮರಿಗಳು ಅಷ್ಟಿರುವಾಗ ಕೊಳ್ಳುವುದೇಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಬಹಳ ಮನೆಗಳಿಗೆ ಅದೇ ಸರಿಯಾದ ಉತ್ತರ. ಇದಕ್ಕಿಂತ ಕಷ್ಟದ ಆಕ್ಷೇಪ ಕರುಣೆಯದು. ಕೊಳಕು ಗೂಡಿನಲ್ಲಿ ನಡುಗುವ ಮರಿಯನ್ನು ಕಂಡು 'ಇದನ್ನಾದರೂ ಉಳಿಸೋಣ' ಎಂದು ಹಣ ಕೊಡುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ಹಣ ಸೇರುವುದು ತಾಯಿಯನ್ನು ಮುಂದಿನ ಬೆದೆಗೆ ಮತ್ತೆ ಕಟ್ಟುವವರ ಕೈಗೆ. ಅಲ್ಲಿ ಮರಿ ಕೊಳ್ಳದೆ ಹೊರಬಂದು, ವಿಳಾಸ ಸಮೇತ ಪ್ರಾಣಿ ಕಲ್ಯಾಣ ಮಂಡಳಿಗೆ ದೂರು ಬರೆಯಬೇಕು. ಆ ಒಂದು ಮರಿಯನ್ನು ಬಿಟ್ಟುಬರುವುದು ಸಂಕಟದ ಕೆಲಸ, ಆದರೂ ಹಿಂದಿನ ಕೋಣೆಯಲ್ಲಿರುವ ತಾಯಿಗೆ ನೆರವಾಗಲು ಕೊಳ್ಳುವವರ ಬಳಿ ಇರುವ ದಾರಿ ಅದು.