ಬಹಮನೀ ರಾಜ್ಯವೂ ಪಡುವಣ ಕಡಲೂ: ಒಂದು ವಿಮರ್ಶೆ

ಬಹಮನೀ ಸುಲ್ತಾನರ ಪರರಾಷ್ಟ್ರನೀತಿಯೆಂದರೆ ಕೃಷ್ಣಾ–ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿಗಾಗಿ ವಿಜಯನಗರದೊಡನೆ ನಡೆದ ಕಾದಾಟವೇ ಎಂಬ ಭಾವನೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಇದಕ್ಕೆ ಪ್ರತಿಯಾಗಿ, ಮಹಮೂದ್ ಗವಾನನು ರಾಜ್ಯವನ್ನು ನೌಕಾಶಕ್ತಿಯಾಗಿಸಿದನೆಂಬ ಹೊಗಳಿಕೆಯೂ ಕೇಳಿಬರುತ್ತದೆ. ಇವೆರಡೂ ಆಧಾರಗಳ ಮುಂದೆ ನಿಲ್ಲುವಂಥವಲ್ಲ. ಬಹಮನಿಗಳಿಗೆ ಬೇಕಾಗಿದ್ದುದು ರೇವುಗಳು ಮತ್ತು ಘಟ್ಟದ ದಾರಿಗಳು, ಕಡಲಲ್ಲ.

1347ರಲ್ಲಿ ರಾಜಧಾನಿಯಾದ ಕಲಬುರಗಿಯಿಂದ ಕಡಲು ನೇರವಾಗಿ ಅಳೆದರೂ 350 ಕಿಲೋಮೀಟರಿಗಿಂತ ದೂರ. ಆದರೂ ಅರಸರ ಬಲ ಕಡಲನ್ನೇ ಅವಲಂಬಿಸಿತ್ತು. ಅಶ್ವದಳದ ಉತ್ತಮ ಕುದುರೆಗಳು ಅರಬ್ಬೀ, ಪಾರಸೀಕ ದೇಶಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಗವಾನನೂ ಗಿಲಾನಿನಿಂದ ದಾಭೋಳ ರೇವಿನ ಮೂಲಕವೇ ಬಂದವನು. ರಷ್ಯದ ವರ್ತಕ ನಿಕಿತಿನನು ಮಾರುವ ಕುದುರೆಯೊಡನೆ ಚೌಲದಲ್ಲಿಳಿದು, ದಾಭೋಳದಿಂದ ಹಿಂದಿರುಗಿದನು. ಹಿರಿಯ ಸೇನಾನಿಗೆ ‘ಮಲಿಕ್-ಉತ್-ತುಜ್ಜಾರ್’, ಎಂದರೆ ವರ್ತಕರ ಒಡೆಯ, ಎಂಬ ಬಿರುದಿದ್ದುದೂ ಗಮನಾರ್ಹ.

ಫಿರೋಜಷಾಹನು (1397–1422) ಪ್ರತಿವರ್ಷ ಗೋವೆ, ಚೌಲಗಳಿಂದ ಹಡಗುಗಳನ್ನು ಕಳುಹಿಸಿ ವಿದೇಶದ ಸರಕನ್ನೂ ವಿದ್ವಾಂಸರನ್ನೂ ತರಿಸುತ್ತಿದ್ದನೆಂದು ಫೆರಿಸ್ತಾ ಬರೆಯುತ್ತಾನೆ. ಈ ಮಾತನ್ನು ಪರೀಕ್ಷಿಸದೆ ಉದ್ಧರಿಸುವುದು ವಾಡಿಕೆಯಾಗಿದೆ. ಆದರೆ ಗೋವೆಯು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲೇ ವಿಜಯನಗರದ ವಶವಾಗಿತ್ತು. ಮಾಧವಮಂತ್ರಿಯ ಆಳ್ವಿಕೆಯೇ ಇದಕ್ಕೆ ಸಾಕ್ಷಿ. ಫಿರೋಜನು ವೈರಿಯ ರೇವಿನಿಂದ ತನ್ನ ಹಡಗನ್ನು ಬಿಟ್ಟನೆಂದು ನಂಬುವುದು ಹೇಗೆ? ಎರಡು ಶತಮಾನಗಳ ತರುವಾಯ ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಸ್ತನು ನಂತರದ ಸ್ಥಿತಿಯನ್ನು ಹಿಂದಕ್ಕೆ ಆರೋಪಿಸಿರಬಹುದು. ಚೌಲದ ಮಾತನ್ನು ಒಪ್ಪಬಹುದು. ಗೋವೆಯದನ್ನು ಸಂಶಯದಿಂದಲೇ ನೋಡಬೇಕು.

ಗವಾನನ ಕೊಂಕಣ ದಂಡಯಾತ್ರೆ ನಡೆದುದು 1469ರಿಂದ 1472ರವರೆಗೆ. ಎರಡನೆಯ ಅಲಾವುದ್ದೀನನ ಸೇನಾನಿ ಘಟ್ಟದ ಕಾಡಿನಲ್ಲಿ ಸೈನ್ಯಸಹಿತ ನಾಶವಾದ ಪಾಠ ಅವನ ಮುಂದಿತ್ತು. ಆದುದರಿಂದ ಅವನು ಮೊದಲು ಖೇಳ್ಣಾ, ಸಂಗಮೇಶ್ವರಗಳನ್ನು ಹಿಡಿದು, ಕೊನೆಗೆ 1472ರಲ್ಲಿ ಗೋವೆಯನ್ನು ವಶಪಡಿಸಿಕೊಂಡನು. ಆಗ 120 ಹಡಗುಗಳನ್ನೂ ಬಳಸಿದನೆಂದು ಫೆರಿಸ್ತನ ಹೇಳಿಕೆ. ಸಂಖ್ಯೆ ನಿಜವೇ ಆದರೂ, ಒಂದು ಮುತ್ತಿಗೆಗೆ ಕೂಡಿಸಿದ ಹಡಗುಗಳು ನೌಕಾದಳವಾಗುವುದಿಲ್ಲ. 1473ರಲ್ಲಿ ಬೆಳಗಾವಿಯನ್ನು ಗೆದ್ದುದೂ ಗೋವೆಯ ಬೆನ್ನನ್ನು ಭೂಮಾರ್ಗದಿಂದ ಕಾಯುವುದಕ್ಕೆ ನೆರವಾಯಿತು.

ಈ ನೀತಿಯ ಕೊರತೆ ಬಯಲಾಗಲು ಬಹುಕಾಲ ಹಿಡಿಯಲಿಲ್ಲ. 1481ರಲ್ಲಿ ಗವಾನನ ವಧೆಯಾಯಿತು. ತರುವಾಯ ಬಹಾದುರ್ ಗಿಲಾನಿಯೆಂಬ ಅಧಿಕಾರಿ ಗೋವೆ, ದಾಭೋಳಗಳನ್ನು ತನ್ನ ಕೈಯಲ್ಲಿಟ್ಟುಕೊಂಡು ಗುಜರಾತಿನ ಹಡಗುಗಳನ್ನು ಸುಲಿದನು. ಗುಜರಾತಿನ ಸುಲ್ತಾನನು ದೂರಿತ್ತಾಗ ಬಹಮನೀ ಸರಕಾರಕ್ಕಿದ್ದ ಉಪಾಯ ದಂಡೆತ್ತಿ ಹೋಗುವುದೊಂದೇ; 1494ರಲ್ಲಿ ಗಿಲಾನಿ ಹತನಾದನು. ಮುಂದೆ 1510ರಲ್ಲಿ ಆಲ್ಬುಕರ್ಕನು ಗೋವೆಯನ್ನು ಬಿಜಾಪುರದಿಂದ ಕಸಿದುಕೊಂಡಾಗ, ಕಡಲಿನಿಂದ ಬರುವ ವೈರಿಯನ್ನು ಕಡಲಿನಲ್ಲೇ ತಡೆಯುವ ವ್ಯವಸ್ಥೆ ಆ ರಾಜ್ಯಕ್ಕೂ ಇರಲಿಲ್ಲ.

ಹರೂನ್ ಖಾನ್ ಷೆರ್ವಾನಿಯವರು 1942 ಮತ್ತು 1953ರ ತಮ್ಮ ಗ್ರಂಥಗಳಿಂದ ಗವಾನನಿಗೂ ಬಹಮನಿಗಳಿಗೂ ಸಲ್ಲಬೇಕಾದ ಸ್ಥಾನವನ್ನು ದೊರಕಿಸಿದರು. ಆ ಋಣವನ್ನು ತೀರಿಸುವ ಬಗೆ ಹೊಗಳಿಕೆಯನ್ನು ಬೆಳೆಸುವುದಲ್ಲ, ಆಧಾರಗಳನ್ನು ತೂಗುವುದು. ‘ರಿಯಾಜ್-ಉಲ್-ಇನ್ಶಾ’ದಲ್ಲಿ ಗವಾನನ ಸ್ವಂತ ಪತ್ರಗಳೇ ಉಳಿದಿರುವಾಗ, ಕೊಂಕಣದ ವಿಷಯದಲ್ಲಿ ಫೆರಿಸ್ತನಿಗಿಂತ ಮೊದಲು ಅವುಗಳನ್ನು ಓದಬೇಕು. ತಾಜಸುಲ್ತಾನಪುರದಿಂದ ಕಾಲೇಜಿಗೆ ಬರುವ ವಿದ್ಯಾರ್ಥಿ ಫಿರೋಜನ ಗೋರಿಯನ್ನು ಬಲ್ಲನು. ಆ ದೊರೆಯ ಕುದುರೆಗಳು ಯಾವ ರೇವಿನಲ್ಲಿ ಇಳಿದು, ಯಾವ ಘಟ್ಟವನ್ನೇರಿ ಬಂದುವೆಂಬುದನ್ನು ನಾವು ಕಲಿಸದಿದ್ದರೆ, ಅವನಿಗೆ ತನ್ನ ಊರಿನ ಚರಿತ್ರೆ ಅರ್ಧ ಮಾತ್ರ ದೊರೆತಂತಾಗುವುದು.