ಜಯಲಕ್ಷ್ಮೀ ವಿಲಾಸ: ಹೊರಮುಖವೂ ಒಳಮನೆಯೂ

ಸಂಸ್ಥಾನಗಳು ವಿಲೀನವಾದ ಮೇಲೆ ಅವುಗಳ ಅರಮನೆಗಳು ಏನಾದುವೆಂಬುದನ್ನು ನಮ್ಮ ಇತಿಹಾಸಗ್ರಂಥಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ವಾಡಿಕೆ. ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯವನ್ನು ಸೇರಿದ ವೃತ್ತಾಂತದಲ್ಲಿ ರಾಜರ ಸಹಿಗೆ ಇರುವ ಸ್ಥಾನ ಅವರ ಮನೆಗಳಿಗಿಲ್ಲ. ರಾಜಗೃಹವೊಂದು ಸಾರ್ವಜನಿಕ ಸ್ವತ್ತಾಗುವ ಬಗೆಯನ್ನು ಪರೀಕ್ಷಿಸಲು ಮೈಸೂರಿನ ಜಯಲಕ್ಷ್ಮೀ ವಿಲಾಸವನ್ನು ನಾವು ಆರಿಸಿಕೊಂಡಿದ್ದೇವೆ. ಅಲ್ಲಿ ಆ ಪರಿವರ್ತನೆಯ ಹಂತಗಳು ಸ್ಪಷ್ಟವಾಗಿವೆ.

ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಈ ಸೌಧ ನಿರ್ಮಾಣವಾಯಿತು. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ 1918ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಇದನ್ನು ವರ್ಣಿಸಿದವರಲ್ಲಿ ಬಹುಮಂದಿ ಬಾಗಿಲು ಕಿಟಕಿಗಳನ್ನು ಎಣಿಸಿ, 'ಪುನರುಜ್ಜೀವನ ಶೈಲಿ' ಎಂದು ಹೆಸರಿಟ್ಟು ತೃಪ್ತರಾಗಿದ್ದಾರೆ. ಎಣಿಕೆಯಿಂದ ಬಡಗಿಯ ಕೂಲಿಯನ್ನು ಲೆಕ್ಕ ಹಾಕಬಹುದೇ ಹೊರತು ಕಟ್ಟಡದ ಅರ್ಥ ತಿಳಿಯದು. ಶೈಲಿಯ ಹೆಸರಾದರೂ ಅರ್ಧಸತ್ಯವೇ. ದೇವಾಲಯದ ಮುಖಮಂಟಪವನ್ನು ವಾಸದ ಮನೆಗೆ ಜೋಡಿಸುವ ಪದ್ಧತಿಯನ್ನು 16ನೆಯ ಶತಮಾನದಲ್ಲಿ ಇಟಲಿಯ ಪಲ್ಲಾಡಿಯೋ ಬಳಕೆಗೆ ತಂದನು. ಅದು ಇಂಗ್ಲೆಂಡನ್ನು ಹಾಯ್ದು ನಮ್ಮಲ್ಲಿಗೆ ಬಂದಿತು. ಇಲ್ಲಿನ ಕೊರಿಂಥಿಯನ್ ಕಂಬಗಳೂ ಜೋಡಿ ಅಯೋನಿಕ್ ಕಂಬಗಳೂ ತ್ರಿಕೋನಾಕಾರದ ಶಿರೋಭಾಗಗಳೂ ಆ ವಂಶದವು. ಆದರೆ ಉತ್ತರದ ಮುಖಮಂಟಪದ ಮೇಲೆ ಕುಳಿತವಳು ಗಜಲಕ್ಷ್ಮಿ. ಒಳಗೆ ಹೋದರೆ ಕಲ್ಯಾಣಮಂಟಪ. ಪರದೇಶದ ವ್ಯಾಕರಣವನ್ನು ಬಲ್ಲ ಹೊರಗೋಡೆ, ಮದುವೆ ಹಬ್ಬಗಳ ಕ್ರಮವನ್ನು ಅನುಸರಿಸಿದ ಒಳಮನೆ: ಈ ಎರಡರ ಸಂಬಂಧವೇ ಈ ಸೌಧದ ನಿಜವಾದ ವಿಷಯವೆಂದು ನಮ್ಮ ಅಭಿಪ್ರಾಯ. ಶೈಲಿಯ ಹೆಸರು ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಈ ಸೌಧವನ್ನು ಕೊಂಡಿತು. ಮರುವರ್ಷ ಮಾನಸಗಂಗೋತ್ರಿ ಸ್ಥಾಪಿತವಾಯಿತು. ರಾಜಕುಮಾರಿಯ ಮನೆಯನ್ನು ವಿಶ್ವವಿದ್ಯಾನಿಲಯಕ್ಕೆ ಕೊಂಡವರು ಒಬ್ಬ ಕವಿಯೆಂಬುದು ಆ ಕಾಲದ ಭಾಗ್ಯವೆನ್ನಬೇಕು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ತೊಗಲುಬೊಂಬೆ, ಸೋಮನ ಮುಖ, ಯಕ್ಷಗಾನದ ವೇಷಭೂಷಣ, ನೇಗಿಲು ನೊಗಗಳು ಕೊರಿಂಥಿಯನ್ ಕಂಬಗಳ ಹಿಂದೆ ಬಂದು ನಿಂತುವು. ಇದನ್ನು ವಿಪರ್ಯಾಸವೆಂದು ನಗುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಜನಪದದ ವಸ್ತುಗಳಿಗೆ ಬೇಕಾದುದು ಸಾಲು ಕೋಣೆಗಳು, ಮಂಟಪ, ನಡೆದಾಡುವ ಪಡಸಾಲೆ. ಮನೆಯು ಮನೆಯಾಗಿಯೇ ಉಳಿದು ಅವುಗಳಿಗೆ ಎಡೆಕೊಡಬಲ್ಲದು. ಇದೇ ಅಕ್ಕತಂಗಿಯರಲ್ಲಿ ಮೂರನೆಯವರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬಾ ಸೌಧದಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ತೆರೆಯಿತು. ಆ ಸಂಸ್ಥೆಯ ಉಪಕಾರ ದೇಶಕ್ಕೇ ತಿಳಿದದ್ದು. ಆದರೆ ಪ್ರಯೋಗಶಾಲೆಗೆ ನೀರಿನ ಕೊಳವೆ, ಯಂತ್ರ, ಮುಚ್ಚಿದ ಕೋಣೆಗಳು ಅವಶ್ಯ. ಅಂಥ ಬಳಕೆಯಲ್ಲಿ ಮನೆಯು ತನ್ನ ಮುಖವನ್ನು ಉಳಿಸಿಕೊಳ್ಳಬಹುದು, ಒಳಗಿನ ಕ್ರಮವನ್ನು ಉಳಿಸಿಕೊಳ್ಳುವುದು ಕಷ್ಟ.

ಉಪಯೋಗ ಹೊಂದಿಕೆಯಾದ ಮಾತ್ರಕ್ಕೆ ಕಟ್ಟಡ ಉಳಿಯುವುದೆಂದು ಭಾವಿಸಲಾಗದು. ಮರ, ಮಣ್ಣು, ಗಾರೆಗಳ ಈ ಸೌಧಕ್ಕೆ ಮಳೆಯೇ ಶತ್ರು. 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರ ನಡೆದರೂ ಎರಡು ದಶಕ ತುಂಬುವಷ್ಟರಲ್ಲಿ ಮತ್ತೆ ದುರಸ್ತಿ ಬೇಕಾಯಿತು. ಇಂಥ ಕೆಲಸದಲ್ಲಿ ಮೊದಲು ಹೊರಮುಖಕ್ಕೆ ಸುಣ್ಣಬಣ್ಣ ದೊರಕುತ್ತದೆ, ಏಕೆಂದರೆ ಚಿತ್ರದಲ್ಲಿ ಕಾಣುವುದು ಅದೇ. ನಾವು ಕೇಳುವುದು ಬೇರೆ: ಗೋಡೆಯೊಂದನ್ನು ಒಡೆಯುವ ಅಥವಾ ಕಟ್ಟುವ ಮುನ್ನ ಪ್ರತಿಯೊಂದು ಕೋಣೆಯ ಅಳತೆ ನಕ್ಷೆ ಸಿದ್ಧವಾಗಲಿ, ಹೆಣ್ಣುಮಕ್ಕಳು ಎಲ್ಲಿ ಕುಳಿತರು, ಪೂಜೆ ಎಲ್ಲಿ ನಡೆಯಿತು, ಅಡಿಗೆಯ ಹೊಗೆ ಯಾವ ಕಡೆಗೆ ಹೋಯಿತು ಎಂಬುದನ್ನು ಆ ನಕ್ಷೆಯ ಮೇಲೆ ಗುರುತಿಸಲಿ. ಜಾನಪದವನ್ನು ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ ಕ್ಷೇತ್ರಕಾರ್ಯ ಮತ್ತೊಂದಿಲ್ಲ.