ಸಾಮಾನ್ಯರು ಕೊಟ್ಟ ಅಭಯ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಮಗೆ ರಾಜ್ಯ ರಾಜ್ಯಗಳ ವ್ಯವಹಾರದ ಮಾತುಗಳು ಬಹುಪಾಲು ಫಾರಸಿ, ಉರ್ದುವಿನಿಂದ ಬಂದವು. ಕರಾರು, ತಹನಾಮೆ, ಜಾಮೀನು, ಅಮಾನತು. ವಕೀಲನೆಂದರೆ ಈಗ ಕೋರ್ಟಿನವನು. ಸಂಸ್ಥಾನಗಳ ಕಾಲದಲ್ಲಿ ಒಬ್ಬ ದೊರೆಯ ಪರವಾಗಿ ಇನ್ನೊಬ್ಬನ ದರ್ಬಾರಿನಲ್ಲಿ ನಿಂತು ಮಾತಾಡುವವನು. ಹಾಗಾಗಿ ಮುಹಮ್ಮದ್ ಹಮೀದುಲ್ಲಾ ಅವರ ‘ದಿ ಮುಸ್ಲಿಂ ಕಂಡಕ್ಟ್ ಆಫ್ ಸ್ಟೇಟ್’ ಓದುವಾಗ ದೂರದ ಅರಬಸ್ತಾನದ ಶಾಸ್ತ್ರವನ್ನು ಓದುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾದಲ್ಲಿ ಓದಿ, ಬಾನ್ ಮತ್ತು ಪ್ಯಾರಿಸಿನಲ್ಲಿ ಡಾಕ್ಟರೇಟ್ ಪಡೆದ ಈ ವಿದ್ವಾಂಸರು 1940ರ ದಶಕದ ಆರಂಭದಲ್ಲಿ ಇದನ್ನು ಪ್ರಕಟಿಸಿದಾಗ ನಮ್ಮ ಮೂರೂ ಊರುಗಳು ಹೈದರಾಬಾದಿನ ಅದೇ ನಿಜಾಮ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು.

ಅವರ ವಾದ ನೇರವಾಗಿದೆ. ಅಂತರರಾಷ್ಟ್ರೀಯ ಕಾನೂನು 1625ರಲ್ಲಿ ಗ್ರೋಷಿಯಸ್ ಬರೆದ ಗ್ರಂಥದಿಂದ ಶುರುವಾದದ್ದಲ್ಲ. 805ರಲ್ಲಿ ತೀರಿಕೊಂಡ ನ್ಯಾಯಶಾಸ್ತ್ರಜ್ಞ ಶೈಬಾನಿ, ‘ಸಿಯರ್’ ಎಂಬ ಹೆಸರಿನಲ್ಲಿ ಯುದ್ಧ, ಶಾಂತಿ, ರಾಯಭಾರ, ಸೆರೆಯಾಳು, ಒಪ್ಪಂದಗಳನ್ನು ಬೇರೆಯದೇ ಶಾಸ್ತ್ರವಾಗಿ ಕಟ್ಟಿದ್ದರು. ಯುರೋಪು ತನ್ನ ರಾಷ್ಟ್ರಗಳ ಕೂಟದೊಳಕ್ಕೆ ತುರ್ಕಿಯನ್ನು ಬಿಟ್ಟುಕೊಂಡದ್ದು 1856ರ ಪ್ಯಾರಿಸ್ ಒಪ್ಪಂದದಲ್ಲಿ. ಸಿಯರ್ ಮಾತ್ರ ಎದುರಿನ ರಾಜ್ಯದ ಧರ್ಮ ಯಾವುದೆಂದು ಕೇಳದೆ ಕೊಟ್ಟ ಮಾತಿಗೆ ಕಟ್ಟುಬೀಳಬೇಕೆಂದಿತು. ಪೈಗಂಬರರು ಮೆಕ್ಕಾದವರೊಡನೆ ಮಾಡಿಕೊಂಡ 628ರ ಹುದೈಬಿಯಾ ಒಪ್ಪಂದವನ್ನೇ ನೋಡಿ. ಮಾತುಕತೆ ಮುಗಿಯುವ ಹೊತ್ತಿಗೆ ಅಬೂ ಜಂದಲ್ ಎಂಬ ಯುವಕ ಸಂಕೋಲೆಯಲ್ಲೇ ಮೆಕ್ಕಾದಿಂದ ತಪ್ಪಿಸಿಕೊಂಡು ಬಂದ. ಅವನು ಮುಸಲ್ಮಾನ, ಅವನನ್ನು ಹಿಂಸಿಸುತ್ತಿದ್ದವರು ಸ್ವಂತ ಮನೆಯವರು. ಆದರೂ ಮೆಕ್ಕಾದಿಂದ ತಪ್ಪಿಸಿಕೊಂಡು ಬಂದವರನ್ನು ಮರಳಿಸಬೇಕೆಂಬ ಕರಾರಿನಂತೆ ಪೈಗಂಬರರು ಅವನನ್ನು ಹಿಂದಕ್ಕೆ ಕಳಿಸಿದರು. ಓದಿದರೆ ಹೊಟ್ಟೆ ಸಂಕಟವಾಗುತ್ತದೆ. ಮಾತು ಉಳಿಸಿಕೊಳ್ಳುವುದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದೂ ಅಲ್ಲೇ ಕಾಣುತ್ತದೆ.

ಪುಸ್ತಕದ ಕೊರತೆ ನನಗೆ ಕಂಡದ್ದು ಸುರಪುರದ ಗುಡ್ಡಗಳನ್ನು ನೆನೆದಾಗ. ನ್ಯಾಯಶಾಸ್ತ್ರಜ್ಞರು ಬರೆದದ್ದನ್ನು ದೊರೆಗಳು ನಡೆದುಕೊಂಡದ್ದು ಎಂದೇ ನಂಬುವ ಒಲವು ಹಮೀದುಲ್ಲಾ ಅವರಲ್ಲಿ ಬಲವಾಗಿದೆ. ‘ಫತಾವಾ ಆಲಂಗೀರಿ’ಯಲ್ಲಿ ಸಿಯರ್‌ಗೆ ಒಂದು ಪೂರ್ಣ ಭಾಗವೇ ಉಂಟು. ಅದನ್ನು ಬರೆಸಿದ ಔರಂಗಜೇಬ್ 1686ರಲ್ಲಿ ಮುಸಲ್ಮಾನರದೇ ಆದ ಬಿಜಾಪುರವನ್ನು ನುಂಗಿದ. 1705ರಲ್ಲಿ ಮುಪ್ಪಿನ ಮೈ ಹೊತ್ತು ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ತಾನೇ ಬಂದು ಬೇಡ ನಾಯಕರ ಮೇಲೆ ಮುತ್ತಿಗೆ ಹಾಕಿದ. ಆ ನಾಯಕರಾದರೋ ಬಿಜಾಪುರದ ಆದಿಲ್‌ಶಾಹಿಗಳ ಸಾಮಂತರಾಗಿದ್ದವರು. ಯಾರು ಯಾರ ಕಡೆ ಎಂಬುದನ್ನು ದಖ್ಖನಿನಲ್ಲಿ ಶಾಸ್ತ್ರ ಹೇಳಲಿಲ್ಲ, ನೆಲ ಮತ್ತು ಕಂದಾಯ ಹೇಳಿದವು. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದಾಗ, ನಿಜಾಮನ ದಿವಾನ ಸಾಲಾರ್ ಜಂಗ್ ಆ ನಾಯಕರನ್ನು ಬ್ರಿಟಿಷರಿಗೆ ಒಪ್ಪಿಸಿದರು. ಎರಡೇ ವರ್ಷದಲ್ಲಿ, 1860ರ ಒಪ್ಪಂದದಲ್ಲಿ, ಸುರಪುರ ಸಂಸ್ಥಾನ ನಿಜಾಮನಿಗೆ ಬಕ್ಷೀಸಾಗಿ ಬಂತು. ಇಂಥ ಕರಾರುಗಳ ಮುಂದೆ ಹಮೀದುಲ್ಲಾ ಅವರ ಅಚ್ಚುಕಟ್ಟಾದ ಅಧ್ಯಾಯಗಳು ಮಾತು ಕಳೆದುಕೊಳ್ಳುತ್ತವೆ.

ಅವರ ಪಕ್ಕದಲ್ಲೇ ದೇವಬಂದದ ಮೌಲಾನಾ ಹುಸೇನ್ ಅಹ್ಮದ್ ಮದನಿಯವರನ್ನು ಇಟ್ಟು ಓದಬೇಕು. ಇಬ್ಬರಿಗೂ ಪೈಗಂಬರರು ಮಾಡಿಕೊಟ್ಟ ಮದೀನಾದ ಕರಾರುಪತ್ರವೇ ಆಧಾರ. ಹಮೀದುಲ್ಲಾ ಅದನ್ನು ಲೋಕದ ಮೊದಲ ಲಿಖಿತ ಸಂವಿಧಾನ ಎಂದರು. ಅವರ ಕಣ್ಣು ಇದ್ದದ್ದು ರಾಜ್ಯದ ಮೇಲೆ. ಮದನಿ 1938ರಲ್ಲಿ ‘ಮುತ್ತಹಿದಾ ಕೌಮಿಯತ್ ಔರ್ ಇಸ್ಲಾಂ’ ಬರೆದು, ಮುಸಲ್ಮಾನರೂ ಯಹೂದಿಗಳೂ ಕೂಡಿ ಒಂದು ಸಮುದಾಯವಾದ ಸಂಗತಿಯನ್ನು ಅದರಲ್ಲಿ ತೋರಿಸಿದರು. ಅದೇ ಆಧಾರದ ಮೇಲೆ ಹಿಂದೂ ಮುಸಲ್ಮಾನರು ಒಂದೇ ಕೌಮು ಎಂದರು. ಇಕ್ಬಾಲ್ ಅವರಂಥ ಕವಿ ಚುಚ್ಚಿದರೂ ಮದನಿ ಹಿಂಜರಿಯಲಿಲ್ಲ. ಪಾಂಡಿತ್ಯದ ಹರವಿನಲ್ಲಿ ಹಮೀದುಲ್ಲಾ ದೊಡ್ಡವರು. ಆದರೆ ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಯಲ್ಲೂ ಮೊಹರಮ್ಮಿಗೆ ಅಲಾಯಿ ಕುಣಿ ತೋಡುವ, ತಿಂಥಣಿ ಮೌನೇಶ್ವರನಿಗೆ ಎರಡೂ ಕಡೆಯವರು ನಡೆದುಕೊಳ್ಳುವ ನಮ್ಮ ಸೀಮೆಗೆ ಮದನಿಯವರ ಓದು ಹೆಚ್ಚು ಹತ್ತಿರ. ಒಪ್ಪಂದ ದೊರೆಗಳ ನಡುವೆ ಅಷ್ಟೇ ಅಲ್ಲ, ಓಣಿಯೊಳಗೂ ಆಗುತ್ತದೆಂದು ಅವರು ಕಂಡಿದ್ದರು.

1948ರಲ್ಲಿ ಹಮೀದುಲ್ಲಾ ನಿಜಾಮನ ನಿಯೋಗದೊಡನೆ ವಿಶ್ವಸಂಸ್ಥೆಗೆ ಹೋದರು. ಹೆಂಗಸರು, ಮಕ್ಕಳು, ಮುದುಕರು, ಒಕ್ಕಲಿಗರ ಮೇಲೆ ಕೈ ಮಾಡಬಾರದೆಂಬ ಸಿಯರ್‌ನ ಕಟ್ಟಳೆಗಳನ್ನು ಪುಟಗಟ್ಟಲೆ ಜೋಡಿಸಿಟ್ಟವರು ಅವರು. ಅವರು ಯಾವ ಸರ್ಕಾರದ ಪರ ಹೋದರೋ ಅದೇ ಸರ್ಕಾರದ ನೆರಳಲ್ಲಿ ರಜಾಕಾರರೆಂಬ ಸಶಸ್ತ್ರ ಪಡೆಯವರು ನಮ್ಮ ಹಳ್ಳಿಗಳನ್ನು ಸುಲಿಯುತ್ತಿದ್ದರು. ಇದು ಅವರ ಬದುಕಿನ ಮೇಲೆ ಉಳಿದ ಕಪ್ಪು ಎಂದು ನಾನು ಭಾವಿಸುತ್ತೇನೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಅವರು ಪ್ಯಾರಿಸಿನಲ್ಲೇ ಉಳಿದರು. ರಾಜ್ಯಗಳ ಕಾನೂನು ಬರೆದವರು ದಶಕಗಳ ಕಾಲ ರಾಜ್ಯವಿಲ್ಲದ ನಿರಾಶ್ರಿತರಾಗಿ ಬದುಕಿ, 2002ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಇತ್ತ ಕಾರ್ಯಾಚರಣೆಯ ಹೊತ್ತಿಗೂ ಆಮೇಲೂ ಮುಸಲ್ಮಾನರ ಮೇಲೆ ಸೇಡಿನ ಕೊಲೆಗಳು ನಡೆದವು. ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು ಕಡಿಮೆಯೆಂದರೂ 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು.

ಈಗ ಪುಸ್ತಕಕ್ಕೆ ಮರಳುತ್ತೇನೆ, ಯಾಕೆಂದರೆ ಅದರ ಅತಿ ದೊಡ್ಡ ಮಾತು ಬೇರೆಡೆ ಇದೆ. ಸಿಯರ್‌ನಲ್ಲಿ ‘ಅಮಾನ್’ ಎಂಬ ಕಟ್ಟಳೆ ಉಂಟು. ಶತ್ರುವಿಗೆ ಅಭಯ ಕೊಡುವ ಹಕ್ಕು ದೊರೆಗಷ್ಟೇ ಸೀಮಿತವಲ್ಲ. ಒಬ್ಬ ಸಾಧಾರಣ ಮುಸಲ್ಮಾನ ಪ್ರಜೆ ಕೊಟ್ಟರೂ ಇಡೀ ರಾಜ್ಯ ಅದಕ್ಕೆ ಬದ್ಧ. 630ರಲ್ಲಿ ಮೆಕ್ಕಾ ಗೆದ್ದ ದಿನ ಉಮ್ಮೆ ಹಾನಿ ಎಂಬ ಹೆಂಗಸು ತನ್ನ ಮನೆಯಲ್ಲಿ ಇಬ್ಬರು ಶತ್ರುಗಳನ್ನು ಬಚ್ಚಿಟ್ಟಳು. ಅವಳ ಸ್ವಂತ ಸಹೋದರ ಅಲಿ ಅವರನ್ನು ಕೊಲ್ಲಲು ಬಂದ. ಅವಳು ಪೈಗಂಬರರ ಬಳಿಗೇ ಹೋದಳು. ನೀನು ಅಭಯ ಕೊಟ್ಟವರಿಗೆ ನಮ್ಮ ಅಭಯವೂ ಉಂಟೆಂದು ಅವರು ಒಪ್ಪಿದರು. ಹಮೀದುಲ್ಲಾ ಈ ಕಟ್ಟಳೆಯನ್ನು ವಿವರಿಸಿ ಮುಂದಕ್ಕೆ ಹೋಗುತ್ತಾರೆ, ಪುಸ್ತಕವನ್ನು ಇದರ ಮೇಲೆ ಕಟ್ಟುವುದಿಲ್ಲ. ನನಗೆ ಅದರ ನಡುಗಂಬ ಇದೇ ಆಗಬೇಕಿತ್ತು. ಅದೇ ಸುಂದರಲಾಲ್ ವರದಿಯಲ್ಲಿ, ಕೊಲೆಗಳ ಲೆಕ್ಕದ ಜೊತೆಗೆ, ಪ್ರಾಣದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂ ಹೆಂಗಸರು, ಗಂಡಸರ ಮಾತೂ ಇದೆ; ಮುಸಲ್ಮಾನ ನೇಕಾರರಿಗೆ ಅಡ್ಡ ನಿಂತ ಹಿಂದೂ ನೇಕಾರರ ಮಾತಂತೂ ಎದ್ದು ಕಾಣುತ್ತದೆ. ಅವರಲ್ಲಿ ಯಾರೂ ಶೈಬಾನಿಯನ್ನು ಓದಿದವರಲ್ಲ.